ಹಾವಿನ ಆಯುಷ್ಯವೂ ಹುತ್ತದ ಒಡೆತನವೂ

ತುಮಕೂರಿನಿಂದ ಶಿರೆಯ ಕಡೆಗೆ ಹೊರಡುವ ದಾರಿಯ ಬಾಯಲ್ಲಿರುವ ಸ್ಥಳಕ್ಕೆ ಶಿರಾ ಗೇಟ್ ಎಂದು ಹೆಸರು. ಊರು ಮುಗಿದು ಹೊಲ ತೊಡಗುವ ಎಡೆಯಿದು ಎಂಬ ಅರ್ಥ ಆ ಹೆಸರಿನಲ್ಲಿಯೇ ಅಡಗಿದೆ. ಈಗಲಾದರೋ ಊರು ಅಲ್ಲಿ ಮುಗಿಯುವುದಿಲ್ಲ. ೨೦೧೧ರ ಜನಗಣತಿಯ ವೇಳೆಗೇ ಮೂರು ಲಕ್ಷವನ್ನು ದಾಟಿದ್ದ ನಗರವು ಅಂತರಸನಹಳ್ಳಿ, ಊರುಕೆರೆಗಳ ದಿಕ್ಕಿಗೆ ಕೈಚಾಚಿ, ರಾಗಿಯ ಹೊಲಗಳನ್ನೂ ಬೇಲಿಸಾಲುಗಳನ್ನೂ ಹುತ್ತಗಳಿದ್ದ ಬೀಳುಭೂಮಿಯನ್ನೂ ನಿವೇಶನಗಳನ್ನಾಗಿ ಮಾಡಿಕೊಳ್ಳುತ್ತ ನಡೆದಿದೆ. ಇಂಥ ಬಡಾವಣೆಯ ಹೊಸ ಮನೆಯೊಂದರ ಹಿತ್ತಲಲ್ಲಿ, ಮಳೆಗಾಲದ ಒಂದು ಸಂಜೆ, ನಾಗರಹಾವೊಂದು ಕಾಣಿಸಿಕೊಂಡಿತೆಂದು ಭಾವಿಸಬಹುದು. ಮನೆಯ ಯಜಮಾನನು ದೊಣ್ಣೆಯನ್ನು ಹುಡುಕುತ್ತಾನೆ. ಅವನ ತಾಯಿ ಕೈಮುಗಿದು ನಿಂತು ಹಾಲು ತರಹೇಳುತ್ತಾಳೆ. ಕಾಲೇಜಿನಲ್ಲಿ ಓದುವ ಮಗನು ಹಾವು ಹಿಡಿಯುವವರಿಗೆ ಹೇಳಿಕಳುಹಿಸುತ್ತಾನೆ. ಅರ್ಧ ಗಂಟೆಯಲ್ಲಿ ಹಾವು ಚೀಲವನ್ನು ಸೇರಿ ದೇವರಾಯನದುರ್ಗದ ಕಾಡಿನ ಕಡೆಗೆ ಪಯಣ ಬೆಳೆಸುತ್ತದೆ. ಕೊಂದ ಪಾಪವೂ ಇಲ್ಲ, ಕಚ್ಚಿಸಿಕೊಳ್ಳುವ ಭಯವೂ ಇಲ್ಲ. ಮೂವರೂ ಆ ರಾತ್ರಿ ನೆಮ್ಮದಿಯಿಂದ ನಿದ್ರಿಸುತ್ತಾರೆ. ಆ ನೆಮ್ಮದಿ ನ್ಯಾಯವಾಗಿ ಸಂಪಾದಿಸಿದ್ದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಇದನ್ನು ನಿರ್ಣಯಿಸುವುದಕ್ಕೆ ಮೊದಲು ಎರಡು ಸಂಗತಿಗಳನ್ನು ತಿಳಿದಿರಬೇಕು: ಹಾವು ಎಷ್ಟು ಕಾಲ ಬದುಕುತ್ತದೆ, ಮತ್ತು ಅದರ ಮನೆ ಎಲ್ಲಿದೆ. ವಿಚಿತ್ರವೆಂದರೆ ಈ ಎರಡಕ್ಕೂ ಜನರಲ್ಲಿ ಉತ್ತರ ಸಿದ್ಧವಾಗಿಯೇ ಇದೆ. ಎರಡೂ ಉತ್ತರಗಳು ಹಾವನ್ನು ನೋಡಿ ಹೇಳಿದವಲ್ಲ.

ಹಾವಿಗೆ ಸಾವಿರ ವರ್ಷದ ಆಯುಷ್ಯವೆಂದು ಹೇಳುವವರುಂಟು. ಪೊರೆ ಕಳಚಿದಾಗಲೆಲ್ಲ ಅದಕ್ಕೆ ಹೊಸ ಹರೆಯ ಬರುತ್ತದೆಂದೂ, ಮುಪ್ಪು ಅದರ ಬಳಿ ಸುಳಿಯುವುದಿಲ್ಲವೆಂದೂ, ಬಹಳ ಕಾಲ ಬಾಳಿದ ನಾಗರದ ಹೆಡೆಯಲ್ಲಿ ಮಣಿ ಹುಟ್ಟುತ್ತದೆಂದೂ, ಹಾಳುಕೋಟೆಯ ನಿಧಿಯನ್ನು ತಲೆತಲಾಂತರದಿಂದ ಒಂದೇ ಸರ್ಪವು ಕಾಯುತ್ತಿದೆಯೆಂದೂ ಹೇಳುವ ಕಥೆಗಳಿಗೆ ಯಾವ ಊರಿನಲ್ಲಿಯೂ ಕೊರತೆಯಿಲ್ಲ. ಪೊರೆಯ ಮಾತನ್ನು ಮೊದಲು ನೋಡಬಹುದು. ಹಾವಿನ ಮೈ ಬೆಳೆಯುತ್ತದೆ, ಹೊರದೊಗಲು ಬೆಳೆಯುವುದಿಲ್ಲ. ಆದ್ದರಿಂದ ಬಿಗಿಯಾದ ಅಂಗಿಯನ್ನು ಕಳಚುವಂತೆ ಅದನ್ನು ಕಳಚಿಹಾಕುತ್ತದೆ. ಮರಿಯಾಗಿದ್ದಾಗ ಮೇಲಿಂದ ಮೇಲೆ, ಬೆಳೆದ ಮೇಲೆ ವರ್ಷಕ್ಕೆ ಕೆಲವೇ ಸಲ, ಈ ಕ್ರಿಯೆ ನಡೆಯುವುದು. ಗಾಯವಾದಾಗಲೂ ಪೊರೆ ಬೇಗ ಬರುವುದುಂಟು. ಇದರಿಂದ ಯೌವನ ಮರಳುವುದಿಲ್ಲ; ಬಿದ್ದಿರುವ ಪೊರೆಗಳನ್ನು ಎಣಿಸಿ ವಯಸ್ಸನ್ನು ಹೇಳುವುದೂ ಸಾಧ್ಯವಿಲ್ಲ. ಬದುಕಿರುವ ಹಾವನ್ನು ಹೊರಗಿನಿಂದ ನೋಡಿ, ಇದಕ್ಕೆ ಇಷ್ಟು ವರ್ಷವೆಂದು ಖಚಿತವಾಗಿ ನುಡಿಯಬಲ್ಲವರಿಲ್ಲ. ಹುಟ್ಟಿದ ದಿನ ಗೊತ್ತಿರುವ, ಸೆರೆಯಲ್ಲಿ ಸಾಕಿದ ಹಾವುಗಳ ಲೆಕ್ಕವೇ ನಂಬತಕ್ಕದ್ದು.

ಆ ಲೆಕ್ಕವು ಕಥೆಗಳ ಮುಂದೆ ಬಹಳ ಬಡವಾಗಿ ಕಾಣುತ್ತದೆ. ನಾಗರಹಾವು ಸೆರೆಯಲ್ಲಿ, ಆಹಾರ ರಕ್ಷಣೆಗಳೆರಡೂ ದೊರೆತು, ಇಪ್ಪತ್ತು ವರ್ಷದ ಆಚೀಚೆ ಬದುಕಿದರೆ ಅದು ದೀರ್ಘಾಯುವೇ ಸರಿ. ಕಾಳಿಂಗಸರ್ಪದ ಆಯುಷ್ಯವೂ ಸುಮಾರಾಗಿ ಅಷ್ಟೆ. ಹೆಬ್ಬಾವಿನ ಜಾತಿಯವು ಹೆಚ್ಚು ಕಾಲ ಬಾಳುತ್ತವೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ಮೃಗಾಲಯಕ್ಕೆ ೧೯೬೧ರಲ್ಲಿ ಬಂದ ಆಫ್ರಿಕದ ಸಣ್ಣ ಹೆಬ್ಬಾವೊಂದು ೨೦೨೦ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಮೊಟ್ಟೆಯಿಟ್ಟು ವಿದ್ವಾಂಸರನ್ನೇ ಬೆರಗುಗೊಳಿಸಿತು. ದಾಖಲೆಗೆ ಸಿಕ್ಕಿರುವ ಹಾವುಗಳಲ್ಲಿ ಅತಿ ಹಿರಿಯ ವಯಸ್ಸಿನದೆಂದು ಅದನ್ನೇ ಹೇಳುವರು. ತುಮಕೂರಿನ ಮಗ್ಗುಲಲ್ಲಿಯೇ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ೧೯೦೭ರಿಂದ ೨೦೧೯ರವರೆಗೆ ನೂರಹನ್ನೊಂದು ವರ್ಷ ಬಾಳಿದರು. ಪ್ರಪಂಚದಲ್ಲಿ ಲೆಕ್ಕಕ್ಕೆ ಸಿಕ್ಕಿರುವ ಯಾವ ಹಾವೂ ಆ ವಯಸ್ಸಿನ ಹತ್ತಿರ ಹೋಗಿಲ್ಲ. ಹುತ್ತಕ್ಕೆ ಕೈಮುಗಿಯುವ ಮುದುಕಿಯು ಸಾಮಾನ್ಯವಾಗಿ ಹುತ್ತದೊಳಗಿನ ಹಾವಿಗಿಂತ ನಾಲ್ಕು ಪಾಲು ಹಿರಿಯಳು.

ಇದೂ ಸೆರೆಯಲ್ಲಿದ್ದವುಗಳ ಮಾತಾಯಿತು. ಹೊಲದಲ್ಲಿ ಹುಟ್ಟಿದ ಹಾವಿನ ಗತಿ ಬೇರೆ. ಹೆಣ್ಣು ನಾಗರ ಹನ್ನೆರಡರಿಂದ ಮೂವತ್ತರವರೆಗೆ ಮೊಟ್ಟೆಗಳನ್ನಿಡುತ್ತದೆ. ಕೊಳಕುಮಂಡಲವು ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತದೆ. ಇಪ್ಪತ್ತು, ನಲವತ್ತು, ಕೆಲವೊಮ್ಮೆ ಇನ್ನೂ ಹೆಚ್ಚು. ಇವೆಲ್ಲವೂ ಬದುಕಿ ಬೆಳೆಯುವಂತಿದ್ದರೆ ನೆಲದ ಮೇಲೆ ಕಾಲಿಡುವುದಕ್ಕೆ ಜಾಗವಿರುತ್ತಿರಲಿಲ್ಲ. ನವಿಲು, ಮುಂಗುಸಿ, ಹದ್ದು, ಬೆಕ್ಕು, ಬೇರೆ ಹಾವುಗಳು, ಬಿಸಿಲು, ಹಸಿವು, ಈಚೆಗೆ ಹೆದ್ದಾರಿಯ ಗಾಲಿ ಇವುಗಳಿಗೆ ತೆತ್ತು, ಮೊದಲ ವರ್ಷವನ್ನು ದಾಟುವವು ಕೆಲವೇ. ಹಾವಿನ ಹಗೆ ಹನ್ನೆರಡು ವರ್ಷ ಆರುವುದಿಲ್ಲವೆಂಬ ನಂಬಿಕೆ ಕನ್ನಡನಾಡಿನಲ್ಲೆಲ್ಲ ಉಂಟಷ್ಟೆ. ಆ ಹನ್ನೆರಡು ವರ್ಷವನ್ನು ಪೂರ್ತಿಯಾಗಿ ಕಾಣುವ ಭಾಗ್ಯ ಹೊಲದ ಹಾವುಗಳಲ್ಲಿ ಬಹುಪಾಲಿಗೆ ಇಲ್ಲ. ಹಗೆಯನ್ನಿಟ್ಟುಕೊಳ್ಳುವ ಬುದ್ಧಿಶಕ್ತಿಯೂ ಅದಕ್ಕಿಲ್ಲ. ಕೊಂದ ಜಾಗಕ್ಕೆ ಇನ್ನೊಂದು ಹಾವು ಬಂದಿತೆಂದರೆ, ಸತ್ತ ಹೆಣ್ಣಿನ ವಾಸನೆಯ ಜಾಡನ್ನು ಹಿಡಿದು ಗಂಡು ಬಂದಿರಬಹುದು. ಇಲ್ಲವೆ ಮೊದಲನೆಯದು ಯಾವ ಇಲಿಗಾಗಿ ಬಂದಿತ್ತೋ ಅದಕ್ಕಾಗಿಯೇ ಎರಡನೆಯದೂ ಬಂದಿರಬಹುದು.

ಈ ಸುಳ್ಳು ಆಯುಷ್ಯದಿಂದ ಯಾರಿಗೆ ಏನು ನಷ್ಟವೆಂದು ಕೇಳಬಹುದು. ಹಾವಿಗೆ ನಷ್ಟ. ಸಾವಿರ ವರ್ಷ ಬದುಕುವ, ಕಂಡದ್ದನ್ನು ಮರೆಯದ, ಸೇಡಿಗಾಗಿ ಕಾಯುವ ಪ್ರಾಣಿಯೆಂದ ಮೇಲೆ ಅದನ್ನು ಅರೆಜೀವವಾಗಿ ಬಿಡುವುದು ಅಪಾಯವೆಂದು ಮನುಷ್ಯನು ಎಣಿಸುತ್ತಾನೆ; ಆದ್ದರಿಂದ ತಲೆಯನ್ನು ಜಜ್ಜಿ, ಸುಟ್ಟು, ಬೂದಿಯನ್ನೂ ಹೂಳುತ್ತಾನೆ. ಪೂಜೆಗೆ ಕಾರಣವಾದ ಕಲ್ಪನೆಯೇ ಕೊಲೆಯ ಕ್ರೌರ್ಯಕ್ಕೂ ಕಾರಣ. ಇಮ್ಮಂಡೆ ಹಾವಿನ ಪಾಡು ಇದಕ್ಕಿಂತಲೂ ಕನಿಕರದ್ದು. ಮೊಂಡುಬಾಲವು ತಲೆಯಂತೆ ತೋರುವುದರಿಂದ ಎರಡು ತಲೆಯ ಹಾವೆನಿಸಿಕೊಂಡು, ಮನೆಯಲ್ಲಿದ್ದರೆ ಐಶ್ವರ್ಯ ಬರುತ್ತದೆಂಬ ಭ್ರಾಂತಿಗೆ ಸಿಕ್ಕಿ, ಕಳ್ಳವ್ಯಾಪಾರದ ಸರಕಾಗಿಬಿಟ್ಟಿದೆ. ಕಲ್ಲಿನ ಹಾವಿಗೆ ಒಂದು ನಡತೆ, ಜೀವದ ಹಾವಿಗೆ ಇನ್ನೊಂದು ನಡತೆ ಎಂಬ ಇಬ್ಬಂದಿಯನ್ನು ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು ತೋರಿಸಿಕೊಟ್ಟರು. ಎಂಟುನೂರು ವರ್ಷಗಳ ಮೇಲೆಯೂ ಆ ಮಾತು ಹಳತಾಗಿಲ್ಲ.

ಮಹಾಭಾರತದ ಆದಿಪರ್ವದಲ್ಲಿ ರುರುವಿನ ಕಥೆಯೊಂದಿದೆ. ಮದುವೆಗೆ ನಿಶ್ಚಯವಾಗಿದ್ದ ಪ್ರಮದ್ವರೆಯು ಹಾವು ಕಚ್ಚಿ ಸಾಯುತ್ತಾಳೆ. ರುರುವು ತನ್ನ ಆಯುಷ್ಯದ ಅರ್ಧವನ್ನು ಧಾರೆಯೆರೆದು ಅವಳನ್ನು ಬದುಕಿಸಿಕೊಳ್ಳುತ್ತಾನೆ. ಅಲ್ಲಿಗೆ ಕಥೆ ಮುಗಿದಿದ್ದರೆ ಪ್ರೇಮದ ಕಥೆಯಾಗುತ್ತಿತ್ತು. ಆದರೆ ಅವನು ಅನಂತರ ಕೋಲು ಹಿಡಿದು ಕಂಡ ಕಂಡ ಹಾವನ್ನೆಲ್ಲ ಕೊಲ್ಲುತ್ತ ಹೋಗುತ್ತಾನೆ. ಒಂದು ದಿನ ಮುದಿಯಾದ ಡುಂಡುಭವೊಂದು, ಅಂದರೆ ವಿಷವಿಲ್ಲದ ಹಾವು, ಅವನ ಕೋಲಿನ ಕೆಳಗೆ ಸಿಕ್ಕಿ ಕೇಳುತ್ತದೆ: ಕಚ್ಚಿದ್ದು ಬೇರೆಯ ಜಾತಿ, ತನ್ನದು ಆಕಾರದಲ್ಲಿ ಮಾತ್ರ ಹೋಲಿಕೆ, ಹೋಲಿಕೆಗಾಗಿ ಮರಣದಂಡನೆಯೇ ಎಂದು. ತನ್ನ ಆಯುಷ್ಯದಲ್ಲಿ ಅರ್ಧವನ್ನು ಕೊಡಬಲ್ಲ ಔದಾರ್ಯವುಳ್ಳವನೇ ಪರರ ಆಯುಷ್ಯವನ್ನು ಲೆಕ್ಕವಿಲ್ಲದೆ ಕಳೆಯಬಲ್ಲ ಎಂಬುದನ್ನು ಆ ಕಥೆಗಾರನು ಬಲ್ಲವನಾಗಿದ್ದ. ಶಿರಾ ಗೇಟಿನ ಹಿತ್ತಲುಗಳಲ್ಲಿಯೂ ದೊಣ್ಣೆಯ ಪೆಟ್ಟಿಗೆ ಸಿಕ್ಕುವವುಗಳಲ್ಲಿ ಎಷ್ಟೋ ಈ ಡುಂಡುಭದ ಬಂಧುಗಳೇ: ಇಲಿ ಹೆಗ್ಗಣಗಳನ್ನು ತಿಂದು ಉಪಕರಿಸುವ ಕೇರೆಹಾವು, ಕೆರೆಯ ಕಡೆಯಿಂದ ಬಂದ ನೀರುಹಾವು.

ಇನ್ನು ಮನೆಯ ವಿಚಾರ. ಗೆದ್ದಲು ಕಷ್ಟಪಟ್ಟು ಕಟ್ಟಿದ ಹುತ್ತಕ್ಕೆ ಹಾವು ಬಂದು ಒಡೆಯನಾಯಿತೆಂಬುದು ಗಾದೆಯ ಮಾತು. ಪರರ ದುಡಿಮೆಯನ್ನು ಕಸಿದು ಉಣ್ಣುವವನಿಗೆ ಆ ಹೋಲಿಕೆಯನ್ನು ಕೊಡುವರು. ಹಾವಿನ ಮೇಲೆ ಹೊರಿಸಿರುವ ಆಪಾದನೆಗಳಲ್ಲಿ ಇದು ಅತಿ ಹಳೆಯದು. ಸಾಕ್ಷ್ಯ ಮಾತ್ರ ದುರ್ಬಲ. ಹುತ್ತದ ಒಳಗಟ್ಟನ್ನು ನೋಡಿದರೆ ಇದು ತಿಳಿಯುತ್ತದೆ. ಗೆದ್ದಲಿನ ಸಂಸಾರವಿರುವುದು ಹೆಚ್ಚಾಗಿ ನೆಲದ ಮಟ್ಟದಲ್ಲಿ ಮತ್ತು ಅದರ ಕೆಳಗೆ. ರಾಣಿಯ ಕೋಣೆ, ಅಣಬೆಯನ್ನು ಬೆಳೆಸುವ ತೋಟಗಳು, ಓಣಿಗಳು ಎಲ್ಲವೂ ಮಣ್ಣಿನಿಂದ ಮುಚ್ಚಿಕೊಂಡಿರುತ್ತವೆ. ಮೇಲೆ ಕಾಣುವ ಗೋಪುರ ಆ ಸಂಸಾರಕ್ಕೆ ಗಾಳಿಯಾಡುವ ವ್ಯವಸ್ಥೆ. ಹಾವು ನುಗ್ಗುವುದು ಗೆದ್ದಲು ಬಿಟ್ಟುಹೋದ ಹುತ್ತಕ್ಕೆ, ಅಥವಾ ಬದುಕಿರುವ ಹುತ್ತದಲ್ಲಿ ಗೆದ್ದಲಿಗೆ ಬೇಡವಾಗಿ ತೆರೆದುಕೊಂಡ ಪೊಟರೆಗೆ. ಗೆದ್ದಲನ್ನು ಅದು ತಿನ್ನುವುದಿಲ್ಲ, ಓಡಿಸುವುದಿಲ್ಲ. ನಾಗರಹಾವಿಗೆ ನೆಲವನ್ನು ತೋಡುವ ಸಾಧನವೇ ಇಲ್ಲ. ಕೈಯಿಲ್ಲ, ಕಾಲಿಲ್ಲ, ಕೊಂಬಿಲ್ಲ. ಹುತ್ತದೊಳಗಿನ ಹವೆ ಹೊರಗಿನ ಬಿಸಿಲು ಚಳಿಗಳಷ್ಟು ಏರಿಳಿಯುವುದಿಲ್ಲ, ತೇವವೂ ಒಂದೇ ಹದದಲ್ಲಿರುತ್ತದೆ. ತನ್ನ ಮೈಯ ಶಾಖವನ್ನು ತಾನೇ ಉಂಟುಮಾಡಿಕೊಳ್ಳಲಾರದ ಪ್ರಾಣಿಗೆ, ತುಮಕೂರು ಶಿರಾಗಳಂಥ ಒಣಸೀಮೆಯ ಬೇಸಗೆಯಲ್ಲಿ, ಇದಕ್ಕಿಂತ ಒಳ್ಳೆಯ ಆಶ್ರಯ ಸಿಕ್ಕುವುದು ಕಷ್ಟ. ಪಾಳುಬಿದ್ದ ಛತ್ರದಲ್ಲಿ ದಾರಿಹೋಕನು ಮಲಗಿದನೆಂದು ಅವನನ್ನು ಛತ್ರವನ್ನು ಕಸಿದವನೆನ್ನುವುದು ಹೇಗೆ? ಇಲಿಯ ಬಿಲದ ವಿಷಯದಲ್ಲಿ ಬೇಕಾದರೆ ಆಪಾದನೆ ನಿಲ್ಲುತ್ತದೆ. ಅಲ್ಲಿ ಹಾವು ಮನೆಯವರನ್ನು ತಿಂದು ಮನೆಯಲ್ಲಿ ನೆಲಸುತ್ತದೆ. ಅದರ ಬಗ್ಗೆ ದೂರುವ ರೈತನು ಮಾತ್ರ ಯಾರೂ ಇಲ್ಲ.

ಹುತ್ತವೊಂದೇ ಹಾವಿನ ಮನೆಯಲ್ಲ. ಬಂಡೆಯ ಬಿರುಕು, ಕೆರೆಯ ಏರಿಯ ಕಲ್ಲುಸಂದಿ, ಗುಬ್ಬಿಯ ಸೀಮೆಯ ತೋಟಗಳಲ್ಲಿ ಒಟ್ಟಿದ ತೆಂಗಿನ ಗರಿ ಮಟ್ಟೆಗಳ ರಾಶಿ, ಕಣದ ಮಗ್ಗುಲಿನ ಹುಲ್ಲುಮೆದೆ, ಕತ್ತಾಳೆಯ ಬೇಲಿ, ಬಿದ್ದ ಗೋಡೆ ಎಲ್ಲವೂ ಆಗಬಹುದು. ಹಿಂದೆ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದ ಕಾಲದಲ್ಲಿ ಹಗೇವಿನ ಸುತ್ತ ಇಲಿ, ಇಲಿಯ ಹಿಂದೆ ಹಾವು ಇದ್ದೇ ಇರುತ್ತಿತ್ತು. ಶಿರಾ, ಪಾವಗಡಗಳ ಕಡೆಯ ಕಲ್ಲುನೆಲ ಗರಗಸಮಂಡಲದಂಥ ಸಣ್ಣ ಹಾವಿಗೆ ಹೇಳಿಮಾಡಿಸಿದ ತಾಣ. ಒಂದು ಚಪ್ಪಟೆ ಕಲ್ಲಿನ ಅಡಿಯೇ ಅದಕ್ಕೆ ಸಾಕು. ಕಟ್ಟುಹಾವು ಹಗಲೆಲ್ಲ ಇಟ್ಟಿಗೆ ಕಲ್ಲುಗಳ ರಾಶಿಯೊಳಗಿದ್ದು ರಾತ್ರಿ ಸಂಚರಿಸುತ್ತದೆ. ತನ್ನ ಕೈಯಾರೆ ಮನೆ ಕಟ್ಟುವ ಹಾವು ಒಂದೇ. ಕೈಯಿಲ್ಲದ್ದಕ್ಕೆ ಈ ಮಾತು ಸಲ್ಲುವುದಾದರೆ. ಮಲೆನಾಡಿನ ಹೆಣ್ಣು ಕಾಳಿಂಗವು ಮೈಯನ್ನು ಸುತ್ತಿ ಒಣಗಿದ ಎಲೆಗಳನ್ನು ಗುಡ್ಡೆಮಾಡಿ ಅದರೊಳಗೆ ಮೊಟ್ಟೆಯಿಡುತ್ತದೆ. ಪಶ್ಚಿಮಘಟ್ಟದ ಈ ಹಾವನ್ನು ೨೦೨೪ರಲ್ಲಿ ಬೇರೆಯೇ ಒಂದು ಪ್ರಭೇದವೆಂದು ನಿರ್ಣಯಿಸಿ, ಅದಕ್ಕೆ ಶಾಸ್ತ್ರೀಯ ನಾಮವನ್ನಿಡುವಾಗ ಕಾಳಿಂಗ ಎಂಬ ಕನ್ನಡದ ಹೆಸರನ್ನೇ ತೆಗೆದುಕೊಂಡರು.

ಹೀಗೆ ಕಟ್ಟದ, ಕೊಳ್ಳದ, ಕ್ರಯಪತ್ರವಿಲ್ಲದ ಬಿಲವನ್ನು ಮನೆಯೆನ್ನಬಹುದೇ? ಇಂಥದೊಂದು ಹೋದರೆ ಇನ್ನೊಂದು ಎನ್ನುವವರಿದ್ದಾರೆ. ದೇವರಾಯನದುರ್ಗದ ಕಾಡಿನಲ್ಲಿ ಹುತ್ತಗಳಿಗೇನು ಬಡತನ ಎಂಬುದು ಅವರ ವಾದ. ಹಾವು ಹಿಡಿಯುವವರನ್ನು ಕರೆಸಿದ ಗೃಹಸ್ಥನ ನೆಮ್ಮದಿ ಈ ವಾದದ ಮೇಲೆಯೇ ನಿಂತಿದೆ. ಆದರೆ ಹಾವಿನ ಮನೆಯೆಂಬುದು ಒಂದು ತೂತಿನ ಹೆಸರಲ್ಲ. ಎಲ್ಲಿ ಬಿಸಿಲು ಕಾಯಿಸಬೇಕು, ಹದ್ದಿನ ನೆರಳು ಬಿದ್ದರೆ ಯಾವ ಸಂದಿಗೆ ಸೇರಬೇಕು, ಬೇಸಗೆಯಲ್ಲಿ ನೀರೆಲ್ಲಿ, ಇಲಿಯ ಓಡಾಟ ಯಾವ ಬದುವಿನಲ್ಲಿ, ಮಳೆಯ ನೀರು ತುಂಬಿದರೆ ಎರಡನೆಯ ಬಿಲ ಎಷ್ಟು ದೂರ ಎಂಬ ತಿಳಿವಳಿಕೆಯೇ ಅದರ ಮನೆ. ಮರಿಯಾದಂದಿನಿಂದ ಹರಿದಾಡಿ ಕಲಿತ ಈ ಸೀಮೆಯು ಬಹಳ ದೊಡ್ಡದಲ್ಲ. ಆದರೆ ಅದನ್ನು ಚೀಲದಲ್ಲಿ ಹಾಕಿ ಕೊಂಡೊಯ್ಯುವಂತಿಲ್ಲ. ಆಗುಂಬೆಯಲ್ಲಿ ೨೦೦೮ರಿಂದೀಚೆಗೆ ಕಾಳಿಂಗಗಳ ಮೈಯೊಳಗೆ ಸಣ್ಣ ರೇಡಿಯೋ ಯಂತ್ರವನ್ನಿಟ್ಟು ಅವುಗಳ ಸಂಚಾರವನ್ನು ಅಭ್ಯಸಿಸಿದವರು ಕಂಡದ್ದೇನೆಂದರೆ, ತನ್ನ ನೆಲದಲ್ಲಿಯೇ ಉಳಿದ ಹಾವು ಗೊತ್ತಾದ ಎಲ್ಲೆಯೊಳಗೆ ತಿರುಗಿತು; ದೂರಕ್ಕೆ ಸಾಗಿಸಿ ಬಿಟ್ಟದ್ದು ನೆಲೆನಿಲ್ಲದೆ ಬಹುದೂರ ಅಲೆಯಿತು. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಗಿಲಕಿಹಾವುಗಳ ವಿಷಯವಾಗಿ ನಡೆದು ೧೯೯೯ರಲ್ಲಿ ಪ್ರಕಟವಾದ ಅಭ್ಯಾಸವು ಇನ್ನೂ ಕಠಿನವಾದ ಸತ್ಯವನ್ನು ಹೇಳುತ್ತದೆ. ಅಲ್ಲಿ ಬೇರೆಡೆಗೆ ಒಯ್ದು ಬಿಟ್ಟ ಹಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. ಅದೇ ಕಾಡಿನಲ್ಲಿ ಹುಟ್ಟಿ ಬೆಳೆದವುಗಳಲ್ಲಿ ಸತ್ತವು ಒಂಬತ್ತರಲ್ಲಿ ಒಂದರಷ್ಟು ಮಾತ್ರ.

ಗೃಹಸ್ಥನ ಪಾಲಿಗೆ ಇದು ಅಹಿತವಾದ ವರ್ತಮಾನ. ದೊಣ್ಣೆಯಿಂದ ಕೊಲ್ಲದೆ ಅವನು ಪುಣ್ಯ ಕಟ್ಟಿಕೊಂಡನೆಂದು ತಿಳಿದಿದ್ದ. ಕೊಲ್ಲುವ ಕೆಲಸವನ್ನು ಹಸಿವಿಗೂ ಹದ್ದಿಗೂ ವಹಿಸಿ ಬಂದಂತಾಯಿತು. ಉದ್ದೇಶ ಒಳ್ಳೆಯದಾಗಿದ್ದುದರಿಂದ ದೋಷವಿಲ್ಲವೆಂದು ಹೇಳಬಹುದೇ? ಜೈನರ ಪುರಾಣವೊಂದು ಇಲ್ಲಿ ನೆನಪಿಗೆ ಬರುತ್ತದೆ. ತುಮಕೂರಿನ ಸಮೀಪದ ಮಂದರಗಿರಿಯ ಬಸದಿಗಳಿಗೆ ಹೋಗಿಬಂದವರಿಗೆ ಅದು ಅಪರಿಚಿತವಿರಲಾರದು. ಪಾರ್ಶ್ವನಾಥನು ಇನ್ನೂ ರಾಜಕುಮಾರನಾಗಿದ್ದಾಗ, ಪಂಚಾಗ್ನಿಯ ನಡುವೆ ತಪಸ್ಸು ಮಾಡುತ್ತಿದ್ದ ತಾಪಸನೊಬ್ಬನನ್ನು ಕಂಡು, ಉರಿಗೆ ತಂದ ಕೊರಡಿನೊಳಗೆ ಹಾವುಗಳ ಜೋಡಿಯಿದೆಯೆಂದು ಎಚ್ಚರಿಸಿದನು. ತಾಪಸನು ನಂಬಲಿಲ್ಲ. ಸೀಳಿ ನೋಡಿದಾಗ ಹಾವುಗಳು ಪ್ರಾಣಸಂಕಟದಲ್ಲಿದ್ದವು. ಆ ತಾಪಸನಲ್ಲಿ ದ್ವೇಷವಿರಲಿಲ್ಲ, ಹಾವು ಕೊಲ್ಲಬೇಕೆಂಬ ಬಯಕೆಯಿರಲಿಲ್ಲ; ಮೋಕ್ಷದ ಮೇಲೆಯೇ ಅವನ ದೃಷ್ಟಿ. ಕೊರಡು ಯಾರದೋ ಮನೆಯಾಗಿರಬಹುದೆಂಬ ವಿಚಾರ ಮಾತ್ರ ಅವನಿಗೆ ಹೊಳೆಯಲಿಲ್ಲ. ತಿಳಿಯದೆ ಮಾಡಿದವನನ್ನು ಕ್ಷಮಿಸಬಹುದು. ಒಬ್ಬನು ಬಂದು ತಿಳಿಸಿದ ಮೇಲೆಯೂ ಕೊರಡನ್ನು ಉರಿಗೆ ನೂಕುವವನ ಪಾಡು ಬೇರೆ.

ಆದರೆ ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಅದನ್ನು ಕೇಳದೆ ಹಾವಿನ ವಕಾಲತ್ತು ವಹಿಸುವುದು ಸುಲಭ. ಬಹು ಮಂದಿ ಪ್ರಾಣಿಪ್ರಿಯರು ಆ ಸುಲಭವಾದ ದಾರಿಯನ್ನೇ ಹಿಡಿಯುತ್ತಾರೆ. ೨೦೦೦ದಿಂದ ೨೦೧೯ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು ಹನ್ನೆರಡು ಲಕ್ಷವೆಂದು ಅಂದಾಜು; ವರ್ಷಕ್ಕೆ ಸರಾಸರಿ ೫೮,೦೦೦. ಸತ್ತವರಲ್ಲಿ ಕಾಲು ಪಾಲಿಗಿಂತ ಹೆಚ್ಚು ಮಂದಿ ಹದಿನೈದು ವರ್ಷ ತುಂಬದ ಮಕ್ಕಳು. ಇವರು ಯಾರು? ಕಟ್ಟಡದ ಕೆಲಸಕ್ಕೆ ಬಂದು ಇಟ್ಟಿಗೆಯ ರಾಶಿಯ ಪಕ್ಕದ ಜೋಪಡಿಯಲ್ಲಿ ನೆಲದ ಮೇಲೆ ಮಲಗುವವರು. ಬೆಳಗಿನ ಕತ್ತಲೆಯಲ್ಲಿ ಬರಿಗಾಲಿನಲ್ಲಿ ಹೊಲಕ್ಕೆ ನೀರು ಬಿಡಲು ಹೋಗುವವರು. ಹುಲ್ಲುಮೆದೆಗೆ ಕೈಹಾಕಿ ಹಸುವಿಗೆ ಮೇವು ಹಿರಿಯುವ ಹೆಂಗಸರು. ಕರುಣೆಯನ್ನು ಬೋಧಿಸುವವನು ಸಾಮಾನ್ಯವಾಗಿ ಗಾರೆಯ ನೆಲದ ಮನೆಯಲ್ಲಿ, ಮಂಚದ ಮೇಲೆ ಮಲಗುತ್ತಾನೆ. ಹಾವು ಇದ್ದಲ್ಲಿಯೇ ಇರಲಿ ಎಂಬ ಧರ್ಮದ ಬೆಲೆಯನ್ನು ಒಬ್ಬನು ಹೇಳಿ ಇನ್ನೊಬ್ಬನು ತೆರುವುದಾದರೆ ಅದು ಧರ್ಮವೆನಿಸುವುದಿಲ್ಲ. ಕೂಲಿಯ ಹೆಂಗಸು ಮಲಗಿದ ಮಗುವಿನ ಮಗ್ಗುಲಲ್ಲಿ ಕಟ್ಟುಹಾವನ್ನು ಕಂಡು ಹೊಡೆದು ಕೊಂದರೆ, ಅವಳ ಮೇಲೆ ಬೆರಳೆತ್ತುವ ಹಕ್ಕು ಮಂಚದ ಮೇಲಿನವನಿಗಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವು ಹಾವನ್ನು ಕೊಲ್ಲುವುದನ್ನೂ ಅಪ್ಪಣೆಯಿಲ್ಲದೆ ಹಿಡಿಯುವುದನ್ನೂ ಅಪರಾಧವೆಂದು ವಿಧಿಸಿದೆ, ನಿಜ. ಪ್ರಾಣರಕ್ಷಣೆಗಾಗಿ ಎತ್ತಿದ ಕೈಯನ್ನು ಹಿಡಿಯುವುದು ಯಾವ ಶಾಸನದ ಉದ್ದೇಶವೂ ಅಲ್ಲ.

ಆದ್ದರಿಂದ ಹಾವಿಗೆ ಸಲ್ಲಬೇಕಾದ ನ್ಯಾಯವು ಮನುಷ್ಯನಿಗೆ ಸಲ್ಲಬೇಕಾದ ನ್ಯಾಯವನ್ನು ಕಾದು ನಿಂತಿದೆ. ವಿಷಕ್ಕೆ ಮದ್ದು ಇಲ್ಲದ ಕಾಲವಲ್ಲ ಇದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷವನ್ನು ಕುದುರೆಯ ರಕ್ತದಿಂದ ತಯಾರಿಸುತ್ತಾರೆ. ಅದಕ್ಕೆ ಬೇಕಾದ ವಿಷದ ಬಹುಭಾಗವನ್ನು ಒದಗಿಸುತ್ತ ಬಂದವರು ತಮಿಳುನಾಡಿನ ಇರುಳರ ಸಹಕಾರ ಸಂಘದವರು. ಒಂದು ಕಾಲಕ್ಕೆ ಚರ್ಮದ ವ್ಯಾಪಾರಕ್ಕಾಗಿ ಹಾವನ್ನು ಕೊಲ್ಲುತ್ತಿದ್ದ ಜನ, ೧೯೭೮ರಿಂದೀಚೆಗೆ ಹಿಡಿದು, ವಿಷ ತೆಗೆದು, ಮತ್ತೆ ಬಿಡುತ್ತಾರೆ. ಕರ್ನಾಟಕ ಸರ್ಕಾರವು ೨೦೨೪ರ ಫೆಬ್ರವರಿಯಲ್ಲಿ, ಹಾವು ಕಚ್ಚಿದ ಪ್ರಕರಣಗಳನ್ನು ವೈದ್ಯರು ತಪ್ಪದೆ ವರದಿಮಾಡಬೇಕೆಂದು ವಿಧಿಸಿತು. ಸತ್ತವರ ಎಣಿಕೆಯೇ ಸರಿಯಾಗಿಲ್ಲದ ಕಡೆ ಮದ್ದು ಎಲ್ಲಿಗೆ ಎಷ್ಟು ಬೇಕೆಂಬುದು ತಿಳಿಯುವುದಾದರೂ ಹೇಗೆ? ತಾಲ್ಲೂಕಿನ ಆಸ್ಪತ್ರೆಯಲ್ಲಿ ನಡುರಾತ್ರಿಯಲ್ಲಿಯೂ ಮದ್ದು ದೊರೆಯುವಂತಿದ್ದರೆ, ಮಂತ್ರ ಹಾಕಿಸುವುದರಲ್ಲಿ ಹೊತ್ತು ಕಳೆಯದೆ ರೋಗಿಯನ್ನು ಅಲ್ಲಿಗೆ ತಲುಪಿಸುವಂತಿದ್ದರೆ, ನೆಲದ ಮೇಲೆ ಮಲಗುವವರಿಗೆ ಒಂದು ಮಂಚವೂ ಒಂದು ಸೊಳ್ಳೆಪರದೆಯೂ ಒದಗಿದರೆ, ದೊಣ್ಣೆಗೆ ಕೈಹಾಕುವ ಸಂದರ್ಭಗಳೇ ಕಡಿಮೆಯಾಗುವುವು. ಹುತ್ತಕ್ಕೆ ಸುರಿಯುವ ಹಾಲು ಹಾವಿನ ಆಹಾರವಲ್ಲ. ಅದರ ಬೆಲೆಯಲ್ಲಿ ಬಡವನೊಬ್ಬನಿಗೆ ಒಂದು ಕೈದೀಪ ಬರುತ್ತದೆ. ಹೀಗೆನ್ನುವುದು ನಾಗಪೂಜೆಯ ನಿಂದೆಯೆಂದು ಯಾರೂ ಭಾವಿಸಬೇಕಾಗಿಲ್ಲ.

ಇನ್ನು ಬಡಾವಣೆಯ ಗೃಹಸ್ಥನ ಕರ್ತವ್ಯ. ಮನೆಯೊಳಗೆ ಬಂದ ವಿಷದ ಹಾವು ಅಲ್ಲಿಯೇ ಇರಲೆಂದು ಯಾರೂ ಹೇಳಲಾರರು. ಬಲ್ಲವರಿಂದ ಹಿಡಿಸತಕ್ಕದ್ದೇ ಸರಿ. ಆದರೆ ಹದಿನೈದು ಕಿಲೋಮೀಟರಿನ ಆಚೆಯ ಬೆಟ್ಟಕ್ಕೆ ಸಾಗಿಸುವುದಕ್ಕೆ ಬದಲಾಗಿ, ಹಿಡಿದ ಎಡೆಯ ಸಮೀಪದಲ್ಲಿಯೇ, ಜನಸಂಚಾರ ಕಡಿಮೆಯಾದ ಬೇಲಿಯ ಮರೆಗೋ ತೋಪಿಗೋ ಬಿಡುವುದು ಮೇಲು. ತನಗೆ ಗೊತ್ತಿರುವ ನೆಲವನ್ನು ಅದು ತಾನೇ ಹುಡುಕಿಕೊಳ್ಳುತ್ತದೆ. ಮತ್ತೆ ಬಂದರೆ ಎಂಬ ಅಂಜಿಕೆ ಸಹಜ. ಇಲಿಯಿಲ್ಲದ, ಬಚ್ಚಲ ತೂತಿಗೆ ಜಾಲರಿಯಿರುವ, ಹಿತ್ತಲಲ್ಲಿ ಸೌದೆ ಇಟ್ಟಿಗೆಗಳ ರಾಶಿಯಿಲ್ಲದ ಮನೆಗೆ ಬರುವುದಕ್ಕೆ ಹಾವಿಗೆ ಕಾರಣವೇ ಇಲ್ಲ. ಅದನ್ನು ದೂರ ಸಾಗಿಸಿದರೂ ಇಲಿ ಇರುವಷ್ಟು ದಿನ ಆ ಜಾಗ ತೆರವಾಗಿ ಉಳಿಯುವುದಿಲ್ಲ. ಮತ್ತೊಂದು ಬಂದು ಸೇರುತ್ತದೆ. ಹಾವನ್ನು ಕರೆದವನು ತಾನೇ ಎಂಬುದನ್ನು ಒಪ್ಪಿಕೊಳ್ಳುವುದು ಮಾತ್ರ ಗೃಹಸ್ಥನಿಗೆ ಕಷ್ಟ.

ಇದೆಲ್ಲ ಹಾವು ಮನೆಗೆ ಬಂದ ಮೇಲಿನ ಮಾತು. ಮನೆಯೇ ಹಾವಿನ ಬಳಿಗೆ ಹೋದದ್ದರ ಮಾತು ಇನ್ನೂ ಉಳಿದಿದೆ. ಪಾಂಡವರಿಗೆ ಪಾಲಾಗಿ ಬಂದದ್ದು ಖಾಂಡವಪ್ರಸ್ಥ. ಅಲ್ಲಿ ಅವರು ಇಂದ್ರಪ್ರಸ್ಥವನ್ನು ಕಟ್ಟಿಕೊಂಡರು; ಉಳಿದಿದ್ದ ವನವನ್ನು ಕೃಷ್ಣಾರ್ಜುನರ ಕಾವಲಿನಲ್ಲಿ ಅಗ್ನಿಯು ಉಂಡನು. ಪಂಪನಿಂದ ಮೊದಲುಗೊಂಡು ಕನ್ನಡದ ಕವಿಗಳು ಅದನ್ನು ಅರ್ಜುನನ ಶೌರ್ಯವೆಂದು ವರ್ಣಿಸಿದ್ದಾರೆ. ಆ ವನದಲ್ಲಿ ತಕ್ಷಕನ ಮನೆಯಿತ್ತು. ಅವನು ಅಂದು ಊರಲ್ಲಿರಲಿಲ್ಲ. ಅವನ ಹೆಂಡತಿ ಮಗನನ್ನು ನುಂಗಿ ಉಳಿಸಲೆಳಸಿ ಅರ್ಜುನನ ಬಾಣಕ್ಕೆ ತಲೆಕೊಟ್ಟಳು. ಮಗ ಅಶ್ವಸೇನ ಮಾತ್ರ ತಪ್ಪಿಸಿಕೊಂಡ. ಅದೇ ಉರಿಯಿಂದ ಪಾರಾದ ಮಯನು ಕಟ್ಟಿದ ಸಭೆಯಲ್ಲಿ ಪಾಂಡವರ ವೈಭವ ಮೆರೆಯಿತು. ಎರಡು ತಲೆಮಾರು ಕಳೆದ ಮೇಲೆ ಅರ್ಜುನನ ಮೊಮ್ಮಗ ಪರೀಕ್ಷಿತನನ್ನು ತಕ್ಷಕನು ಕಚ್ಚಿದನು. ಪರೀಕ್ಷಿತನ ಮಗ ಜನಮೇಜಯನು ಸರ್ಪಯಾಗವನ್ನು ಹೂಡಿದನು. ನಾಗಕನ್ಯೆಯ ಮಗನಾದ ಆಸ್ತೀಕನು ಬಂದು ಅದನ್ನು ನಿಲ್ಲಿಸಿದನು. ಮಹಾಭಾರತವನ್ನು ವೈಶಂಪಾಯನನು ಹೇಳಿದ್ದು ಆ ಯಾಗದ ಸಂದರ್ಭದಲ್ಲಿಯೇ. ಪರೀಕ್ಷಿತನ ಸಾವಿಗೆ ಮುನಿಕುಮಾರನ ಶಾಪ ಕಾರಣವೆಂಬುದು ಕಥೆಯ ಮೇಲ್ಮಾತು. ಸುಟ್ಟ ಮನೆಯ ಲೆಕ್ಕ ಅದರ ಅಡಿಯಲ್ಲಿ ಹೊಗೆಯಾಡುತ್ತಲೇ ಇದೆ.

ಶಿರಾ ಗೇಟಿನ ಆಚೆಯಲ್ಲಿ ಅಗ್ನಿಯ ಬದಲು ಮಣ್ಣು ಅಗೆಯುವ ಯಂತ್ರವಿದೆ. ನಿವೇಶನದಲ್ಲಿ ಹುತ್ತವಿದ್ದರೆ ಪುರೋಹಿತರನ್ನು ಕರೆಸಿ ಶಾಂತಿ ಮಾಡಿಸಿ, ಅರಿಸಿನ ಕುಂಕುಮಗಳನ್ನಿಟ್ಟು, ಅನಂತರ ಯಂತ್ರವನ್ನು ಬಿಡುವ ಗೃಹಸ್ಥರೂ ಉಂಟು. ಯಂತ್ರಕ್ಕೆ ಮುಂಚೆ ಒಂದೆರಡು ದಿನ ಆ ನೆಲದ ಪೊದೆ ಕಲ್ಲುಗಳನ್ನು ಕೈಯಿಂದ ಸರಿಸಿ, ಒಂದು ಮಗ್ಗುಲನ್ನು ತೆರೆದು ಬಿಟ್ಟರೆ, ಓಡಬಲ್ಲ ಹಾವು ಓಡಿಹೋಗುತ್ತದೆ. ಮೊಟ್ಟೆ ಓಡಲಾರದು. ಪಾಯ ತೋಡುವ ಕೆಲಸ ಮಳೆ ಹಿಡಿಯುವುದಕ್ಕೆ ಮೊದಲು, ಬೇಸಗೆಯಲ್ಲಿ, ಬಿರುಸಾಗಿ ನಡೆಯುವುದು ವಾಡಿಕೆ; ನಾಗರಹಾವು ಮೊಟ್ಟೆಯಿಡುವುದು ಏಪ್ರಿಲಿನಿಂದ ಜುಲೈವರೆಗೆ. ಸುಮಾರು ಎರಡು ತಿಂಗಳ ಕಾಲ ಮೊಟ್ಟೆಗಳು ಹುತ್ತದಲ್ಲಿರುತ್ತವೆ. ಹೆಣ್ಣು ಅವುಗಳ ಬಳಿಯೇ ಸುಳಿದಾಡುತ್ತ ಕಾವಲಿರುತ್ತದೆ. ಬಹುಪಾಲು ಮರಿಗಳು ಹೊರಬರುವ ವೇಳೆಗೆ ಶ್ರಾವಣ ಬಂದಿರುತ್ತದೆ. ನಾಗರಪಂಚಮಿಯ ದಿನ ನೇಗಿಲು ಹೂಡಬಾರದು, ನೆಲವನ್ನು ಅಗೆಯಬಾರದು ಎಂಬ ಕಟ್ಟಳೆಯನ್ನು ಹಳ್ಳಿಗಳ ಹಿರಿಯರು ಪಾಲಿಸಿಕೊಂಡು ಬಂದದ್ದು ಆ ಶ್ರಾವಣದಲ್ಲಿಯೇ. ಹುತ್ತವಿರುವ ನಿವೇಶನದ ಒಡೆಯನು ಈ ಕಟ್ಟಳೆಯನ್ನು ಒಂದು ದಿನದಿಂದ ಹಿಗ್ಗಿಸಿ, ಹುತ್ತವಿರುವ ಆ ಮೂಲೆಯೊಂದಕ್ಕೆ ಮಾತ್ರ, ವೈಶಾಖದಿಂದ ಭಾದ್ರಪದದವರೆಗೆ ಸಲ್ಲಿಸಬಹುದು. ಮಿಕ್ಕ ನೆಲದಲ್ಲಿ ಕೆಲಸ ನಡೆಯುತ್ತಿರಬಹುದು. ಭಾದ್ರಪದ ಕಳೆದ ಮೇಲೆ ಆ ಹುತ್ತದಲ್ಲಿ ಒಡೆದ ಮೊಟ್ಟೆಯ ಓಡುಗಳ ಹೊರತು ಬೇರೇನೂ ಉಳಿದಿರುವ ಸಂಭವ ಕಡಿಮೆ.